ಭಾವನ ಹೆಸರು ಹಿಡಿದ ದಿನ

ಮದುವೆಯಾಗಿ ಬಂದ ಮೂವತ್ತೊಂದು ವರ್ಷದಲ್ಲಿ ಬುರುಲ್ ಒಂದೇ ಒಂದು ಸಲವೂ ಗಂಡನ ಅಣ್ಣನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಹೇಳೋದುಂಟೇ! ಅಕ್‌ಓರುಕ್ ಊರಿಗೆ ಸೊಸೆಯಾಗಿ ಬಂದವಳು ಮಾವನ ಹೆಸರನ್ನೂ ಭಾವನ ಹೆಸರನ್ನೂ ಹೊಸಿಲಾಚೆ ಬಿಟ್ಟೇ ಒಳಗೆ ಕಾಲಿಡಬೇಕು. ಅದೇ ಹೆಸರಿನವರು ಇನ್ಯಾರೇ ಇದ್ದರೂ ಸುತ್ತುಬಳಸಿ ಕರೆಯಬೇಕು. ಅಂಗಡಿಯವನ ಹೆಸರೂ ಭಾವನ ಹಾಗೇ ಜುಮಾದಿಲ್ ಆಗಿಹೋಗಿ, ಪಾಪ, ಅವನು ಬುರುಲ್ ಬಾಯಲ್ಲಿ ಮೂವತ್ತೊಂದು ವರ್ಷದಿಂದ ‘ಸಕ್ಕರೆ ಮಾರೋ ಅಣ್ಣ’. ದನದ ಆಸ್ಪತ್ರೆಯಲ್ಲಿ ಅವಳ ಕೆಲಸ. ಲಸಿಕೆಯ ಪುಸ್ತಕದಲ್ಲಿ ಭಾವನ ಹೆಸರು ಬಂದರೆ ಬರೆಯುತ್ತಾಳೆ. ಓದಿ ಹೇಳು ಅಂದರೆ ಮಾತ್ರ ಪುಸ್ತಕವನ್ನೇ ಕೇಳಿದವರ ಕಡೆಗೆ ತಿರುಗಿಸಿ ಹಿಡಿಯುತ್ತಾಳೆ.

ಆ ಭಾವ ಯಾರೋ ದಾರಿಹೋಕನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಜುಮಾದಿಲ್ ಅಂದರೆ ನಮ್ಮೂರ ಆಡಳಿತದ ಮುಖ್ಯಸ್ಥ. ಊರಿನ ಕಾರುಬಾರು ನಮ್ಮಲ್ಲಿ ಎರಡು ಕೈಯಲ್ಲಿದೆ. ಹದಿನೈದು ಜನರ ಕೆನೆಶ್ ಸಭೆ ಕೂತು, ಏನಾಗಬೇಕು, ಏನಾಗಬಾರದು ಅಂತ ಠರಾವು ಮಾಡುತ್ತದೆ. ಆ ಠರಾವನ್ನು ನಡೆಸಿಕೊಡಬೇಕಾದವನು ಮುಖ್ಯಸ್ಥ. ಸಭೆಗೆ ಬಾಯಿ ಇದೆ, ಕೈಯಿಲ್ಲ. ಮುಖ್ಯಸ್ಥನಿಗೆ ಕೈಯಿದೆ, ಬಾಯಿ ಇರಬಾರದು. ಇರಬಾರದು ಅಂತ ಇದೆಯೇ ಹೊರತು, ಜುಮಾದಿಲ್‌ಗೆ ಎರಡೂ ಬೇಕು.

ಬುರುಲ್ ಕೆನೆಶ್ ಅಧ್ಯಕ್ಷೆಯಾದದ್ದೂ ಅವನ ಕೃಪೆಯಿಂದಲೇ. ಹೋದ ಚಳಿಗಾಲದ ಹೊಸ್ತಿಲಲ್ಲಿ ಮೇಲಿನ ಬೀದಿಯವರು, ಕೆಳಗಿನ ಬೀದಿಯವರು ಅಂತ ಸಭೆ ಎರಡಾಗಿ ಜಗಳ ಬಿದ್ದಾಗ ಜುಮಾದಿಲ್ ಎದ್ದು, “ಯಾಕ್ರಪ್ಪಾ ಕಚ್ಚಾಡ್ತೀರಾ? ನನ್ನ ತಮ್ಮನ ಹೆಂಡ್ತೀನೇ ಆಗ್ಲಿ. ಇಪ್ಪತ್ತು ವರ್ಷ ನಿಮ್ಮ ಕುರಿಗೆಲ್ಲಾ ಸೂಜಿ ಚುಚ್ಚಿದಾಳೆ, ನಿಮಗೂ ಚುಚ್ತಾಳೆ ಬಿಡಿ” ಅಂದಿದ್ದ. ಎಲ್ಲರೂ ನಕ್ಕು ಕೈಯೆತ್ತಿದರು. ಬುರುಲ್‌ಗೂ ಒಳಗೊಳಗೇ ಹಿಗ್ಗಾಯಿತು. ಅದೇ ದಿನ, ಅದೇ ನಗೆಯ ಸದ್ದಿನಲ್ಲಿ, ಸಭೆ ನಡೆಸುವ ಹೊಸ ನಿಯಮಗಳೂ ಪಾಸಾದವು. ಅದರಲ್ಲಿ ಹತ್ತೊಂಬತ್ತನೇ ಕಲಮು ಹೀಗಿತ್ತು: ಮುಖ್ಯಸ್ಥರನ್ನು ಪ್ರಶ್ನೆ ಕೇಳುವವರು ಅಧ್ಯಕ್ಷರೇ ಆಗಿರತಕ್ಕದ್ದು, ಎದ್ದು ನಿಂತು, ತಂದೆಯ ಹೆಸರೊಡನೆ ಅವರ ಹೆಸರು ಹಿಡಿದು ಕರೆಯತಕ್ಕದ್ದು, ಹಾಗೆ ಕರೆಯದ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಮುಖ್ಯಸ್ಥರಿಗಿಲ್ಲ.

ಮನೆಗೆ ನಡೆದು ಬರುವಾಗ, ಏಪ್ರಿಕಾಟ್ ಮರಗಳ ಹತ್ತಿರ ಬಂದಾಗ, ಬುರುಲ್‌ಗೆ ಅದು ತಟ್ಟನೆ ಹೊಳೆಯಿತು. ಭಾವನ ಹೆಸರಷ್ಟೇ ಅಲ್ಲ, ಸತ್ತ ಮಾವನ ಹೆಸರೂ ಸೇರಿ! ಊರಲ್ಲಿ ಇರುವವರೆಲ್ಲರಲ್ಲಿ ಆ ಎರಡು ಹೆಸರನ್ನು ಹೇಳಲಾರದ ಒಂದೇ ಒಂದು ನಾಲಿಗೆಯನ್ನು ಹುಡುಕಿ, ಅದಕ್ಕೇ ಪಟ್ಟ ಕಟ್ಟಿದ್ದ ಮಹಾರಾಯ. ಅವಳಿಗೆ ಎಷ್ಟು ಅವಮಾನವಾಯಿತೆಂದರೆ ದಾರಿಯಲ್ಲಿ ಎರಡು ಸಲ ನಿಂತಳು.

ಚಳಿಗಾಲ ಹೇಗೋ ಕಳೆಯಿತು. ಮಾರ್ಚಿನಲ್ಲಿ ಕೆನೆಶ್ ಏಳನೇ ಠರಾವು ಮಾಡಿತು: ಮೇ ಹದಿನೈದರವರೆಗೆ ಯಾರ ಹಿಂಡೂ ಹೊಳೆಯ ಸೇತುವೆ ದಾಟಬಾರದು, ಸೇತುವೆಗೆ ಸರಪಳಿ ಹಾಕಿ ಕೀಲಿ ಜಡಿಯಬೇಕು. ಸೇತುವೆಯಾಚೆಯ ಬಿಸಿಲುಗುಡ್ಡದಲ್ಲಿ ಆಗಷ್ಟೇ ಹುಲ್ಲು ಬೆರಳುದ್ದ ಏಳುವ ಕಾಲ. ಈಗ ಬಿಟ್ಟರೆ ಬೇರು ಸಮೇತ ಹೋಗುತ್ತದೆ. ಕಾದರೆ, ದೊಡ್ಡ ಹಿಂಡುಗಳು ಅದನ್ನು ಹಾದು ಮೇಲಿನ ಬೇಸಿಗೆ ಹುಲ್ಲುಗಾವಲಿಗೆ ಹೋದ ಮೇಲೂ ಒಂದು ಹಸು, ಎರಡು ಹಸು ಇಟ್ಟುಕೊಂಡವರಿಗೆ ಇಡೀ ಬೇಸಿಗೆ ಅದೇ ಆಧಾರ. ಹದಿನೈದಕ್ಕೆ ಹದಿನೈದೂ ಕೈ ಎದ್ದವು. ಜುಮಾದಿಲ್ ಠರಾವಿನ ಕೆಳಗೆ ‘ನೋಡಿದೆ’ ಅಂತ ರುಜು ಹಾಕಿದ.

ನೋಡಿದ, ನಿಜ. ಏಪ್ರಿಲ್‌ನ ಕೊನೇ ಸೋಮವಾರ ಬೆಳಿಗ್ಗೆ ಒಮುರ್ಜಾಕನ ಆರುನೂರು ಕುರಿ ಸೇತುವೆ ದಾಟಿದವು. ಒಮುರ್ಜಾಕ್ ಅಂದರೆ ಜುಮಾದಿಲ್‌ನ ಬೀಗರು, ಮಗನಿಗೆ ಹೆಣ್ಣು ಕೊಟ್ಟವರು.

ಸುದ್ದಿ ತಂದವಳು ಕೆಳಗಿನ ಬೀದಿಯ ಅಯಿಮ್‌ಕಾನ್. ಗಂಡ ಇಲ್ಲದ ಹೆಂಗಸು, ಒಂದು ಕೆಂಪು ಹಸು, ಮೂರು ಮಕ್ಕಳು, ಮತ್ತೆ ಊರಿಗೆಲ್ಲ ಸಾಲುವಷ್ಟು ಬಾಯಿ. “ಅಧ್ಯಕ್ಷರೇ! ಎದ್ದೇಳಿ ಅಧ್ಯಕ್ಷರೇ! ನೀವು ಕೈಯೆತ್ತಿದ ಹುಲ್ಲನ್ನ ಬೀಗರ ಕುರಿ ಮೇಯ್ತಾ ಇದೆ!” ಅಂತ ದನದ ಆಸ್ಪತ್ರೆಯ ಬಾಗಿಲಲ್ಲೇ ನಿಂತು ಕೂಗಿದಳು. ಬುರುಲ್ ಕೈಯಲ್ಲಿದ್ದ ಸೂಜಿಯನ್ನು ತಟ್ಟೆಗೆ ಹಾಕಿ, ಹಾಗೇ ಹೊರಟಳು.

ಸೇತುವೆ ಹತ್ತಿರ ಮೂವತ್ತು ನಲವತ್ತು ಜನ ಸೇರಿದ್ದರು. ಸರಪಳಿ ಬಿಚ್ಚಿ ಒಂದು ಕಡೆಗೆ ಇಳಿಬಿದ್ದಿತ್ತು. ಆಚೆ ಗುಡ್ಡದ ಮೇಲೆ ಕುರಿಗಳು ತಲೆಯೆತ್ತದೆ ಮೇಯುತ್ತಿದ್ದವು. ಸೇತುವೆ ಕಾಯುವ ಮುಕಾಶ್ ತಲೆ ತಗ್ಗಿಸಿಕೊಂಡು ಬಂದು ಕೀಲಿಕೈಯನ್ನು ಬುರುಲ್ ಕೈಗೆ ತುರುಕಿದ.

“ಮುಖ್ಯಸ್ಥರು ಬಾಯಲ್ಲಿ ಹೇಳಿದ್ರು, ಬಿಡು ಅಂದ್ರು, ಬಿಟ್ಟೆ. ನನಗೆ ಮುಖ ಎತ್ತೋಕಾಗ್ತಿಲ್ಲ ಕಣಮ್ಮ. ಕುರೀನ ಈಚೆ ಹೊಡೆಸಿ ನೀನೇ ಕೀಲಿ ಹಾಕ್ಬಿಡು.”

“ಹಾಕು ಬುರುಲ್!” ಅಂತ ಜನ ಒಂದೇ ಬಾಯಲ್ಲಿ ಕೂಗಿದರು. “ನಾವಿದ್ದೀವಿ! ಯಾರು ತಡೀತಾರೋ ನೋಡೋಣ!”

ಕೀಲಿಕೈ ತಣ್ಣಗಿತ್ತು. ಬುರುಲ್ ಸರಪಳಿಯನ್ನು ಎತ್ತಿದಳು ಕೂಡ. ಆಚೆಯಿಂದ ಕುರಿ ಹೊಡೆದುಕೊಂಡು ಬರಲು ನಾಲ್ಕು ಜನ ಹುರಿಯಾಳುಗಳು ಕುದುರೆ ಮೇಲೆ ತಯಾರಾಗಿದ್ದರು. ಒಂದು ಗಂಟೆಯಲ್ಲಿ ಎಲ್ಲಾ ಮುಗಿದುಹೋಗುತ್ತಿತ್ತು. ಅವಳ ಕೈ ಜುಮ್ಮೆಂದಿತು, ಆಸೆಯಿಂದ. ಆಮೇಲೆ ಸರಪಳಿಯನ್ನು ಮೆಲ್ಲಗೆ ಕೆಳಗಿಟ್ಟಳು.

“ನಾನು ಹಾಕಲ್ಲ,” ಅಂದಳು.

“ಯಾಕೆ?”

“ಕೀಲಿ ಹಾಕ್ಬೇಕು ಅಂತ ಹೇಳೋದು ನಮ್ಮ ಕೆಲಸ. ಹಾಕೋದು ದೊಡ್ಡ ಭಾವನ ಕೆಲಸ. ಇವತ್ತು ಅವರ ಕೆಲಸ ನಾನು ಮಾಡಿದ್ರೆ, ನಾಳೆ ನಮ್ಮ ಕೆಲಸ ಅವರು ಮಾಡ್ತಾರೆ. ಆಮೇಲೆ ಹದಿನೈದು ಜನ ನಾವ್ಯಾಕೆ ಕೂತ್ಕೋಬೇಕು, ಚಹಾ ಕುಡಿಯೋಕಾ?”

ಅಯಿಮ್‌ಕಾನ್ ಸೊಂಟಕ್ಕೆ ಕೈಕೊಟ್ಟು ಮುಂದೆ ಬಂದಳು. “ಓಹೋಹೋ! ನಿನ್ನ ಕಾನೂನು ಮೇಯ್ದು ನನ್ನ ಹಸು ಹಾಲು ಕೊಡುತ್ತೇನೇ? ಬೇಲಿನೇ ಎದ್ದು ಹೊಲ ಮೇಯ್ತಾ ಇದೆ, ಇವಳು ಬೇಲಿ ಯಾರ್ದು ಹೊಲ ಯಾರ್ದು ಅಂತ ಪಾಠ ಮಾಡ್ತಾಳೆ! ಹೇಳ್ಬಿಡು ನೇರವಾಗಿ, ಭಾವನ ಕಂಡ್ರೆ ಹೆದರಿಕೆ ಅಂತ!”

ಬುರುಲ್ ಮುಖ ಕೆಂಪಾಯಿತು. “ಹೆದರಿಕೆ ಇದೆ,” ಅಂದಳು. “ಆದ್ರೂ ಹಾಕಲ್ಲ. ಈ ಕೀಲಿಕೈಯನ್ನ ಯಾರಿಗೆ ಕೊಡ್ಬೇಕೋ ಅವರಿಗೇ ಕೊಡ್ತೀನಿ.” ಕೀಲಿಕೈಯನ್ನು ಕೋಟಿನ ಜೇಬಿಗಿಳಿಸಿ ನಡೆದಳು. ಬೆನ್ನ ಹಿಂದೆ ಯಾರೋ ಥೂ ಅಂದದ್ದು ಕೇಳಿಸಿತು. ಅಯಿಮ್‌ಕಾನೇ ಇರಬೇಕು. ಅವಳಿಗೇನೂ ತಪ್ಪು ಹೇಳುವ ಹಾಗಿಲ್ಲ.

ಆಡಳಿತದ ಕಚೇರಿಯಲ್ಲಿ ಜುಮಾದಿಲ್ ಬಿಳಿ ಟೋಪಿಯನ್ನು ಮೇಜಿನ ಮೇಲಿಟ್ಟು, ಬಟ್ಟಲಲ್ಲಿ ಚಹಾ ಹೀರುತ್ತಾ ಕರಿದ ಹಿಟ್ಟಿನ ಬೋರ್ಸೋಕ್ ಮೆಲ್ಲುತ್ತಿದ್ದ. ಬುರುಲ್ ಬಾಗಿಲಲ್ಲಿ ನಿಂತು, ಸೊಸೆಯಂದಿರು ಬಾಗುವಂತೆ ಬಾಗಿ, ತಲೆವಸ್ತ್ರ ಸರಿಮಾಡಿಕೊಂಡಳು.

“ಬಾಮ್ಮಾ, ಬಾ. ಕೂತ್ಕೋ.”

“ದೊಡ್ಡ ಭಾವ, ಏಳನೇ ಠರಾವು ಏನಾಯ್ತು?”

“ಏನಾಗುತ್ತೆ? ಬೀರುವಿನಲ್ಲಿ ಭದ್ರವಾಗಿದೆ.” ಅವನು ತನ್ನ ಮಾತಿಗೆ ತಾನೇ ನಕ್ಕ. “ನೋಡು ತಾಯಿ, ಬೀಗರ ಹತ್ರ ಒಣಹುಲ್ಲು ಮುಗಿದಿದೆ. ಕುರಿ ಸಾಯ್ತಾವೆ ಅಂತ ಮನೆಗೆ ಬಂದು ಕೂತ್ರು. ಮಗಳು ಕೊಟ್ಟವರಿಗೆ ಇಲ್ಲ ಅನ್ನೋಕಾಗುತ್ತಾ? ಹತ್ತು ದಿನ ಮೇಯ್ಲಿ ಬಿಡು. ಹುಲ್ಲು ಮತ್ತೆ ಬರುತ್ತೆ.”

“ಬರಲ್ಲ. ನಿಮಗೂ ಗೊತ್ತು.”

“ಸರಿ, ಬರಲ್ಲ. ಏನ್ಮಾಡ್ತೀಯಾ?”

“ಸಭೆ ಕರೀತೀನಿ. ಕೇಳ್ತೀನಿ.”

ಜುಮಾದಿಲ್ ಬಟ್ಟಲು ಕೆಳಗಿಟ್ಟ. ಸಿಟ್ಟೇನೂ ಇರಲಿಲ್ಲ, ಅವನ ಮುಖದಲ್ಲಿ ಮಗುವನ್ನು ಮುದ್ದು ಮಾಡುವವರ ನಗೆಯಿತ್ತು. ಅದೇ ಬುರುಲ್‌ಗೆ ಹೆಚ್ಚು ಉರಿದದ್ದು. “ಕೇಳಮ್ಮಾ, ಕೇಳು. ಹತ್ತೊಂಬತ್ತನೇ ಕಲಮು ಓದಿದೀಯಲ್ಲಾ? ಎದ್ದು ನಿಂತು, ನಮ್ಮಪ್ಪನ ಹೆಸರು ಹೇಳಿ, ನನ್ನ ಹೆಸರು ಹೇಳಿ ಕೇಳು. ಕೇಳಿದ ತಕ್ಷಣ ಉತ್ತರ ಕೊಡ್ತೀನಿ. ಕಲಮು ತಿದ್ದಬೇಕು ಅಂದ್ರೆ ಎರಡು ಸಭೆ, ನಡುವೆ ಒಂದು ತಿಂಗಳು. ಅಷ್ಟರಲ್ಲಿ ಕುರಿ ಮೇಲಕ್ಕೆ ಹೋಗಿರುತ್ತೆ.”

ಬುರುಲ್ ಮತ್ತೆ ಬಾಗಿ ಹೊರಗೆ ಬಂದಳು. ಕಾರ್ಯದರ್ಶಿ ಬೇಗಿಮಾಯ್ ಪಕ್ಕದ ಕೋಣೆಯಲ್ಲಿ ಎಲ್ಲಾ ಕೇಳಿಸಿಕೊಂಡು ಬೆರಳು ಕಚ್ಚುತ್ತಾ ಕೂತಿದ್ದಳು. “ನೋಟೀಸು ಬರಿ,” ಅಂದಳು ಬುರುಲ್. “ಗುರುವಾರ ಹನ್ನೊಂದು ಗಂಟೆ. ವಿಷಯ ಒಂದೇ. ಮುಖ್ಯಸ್ಥರಿಗೆ ಪ್ರಶ್ನೆ. ಉತ್ತರ ಸರಿಯಿಲ್ಲದಿದ್ರೆ ಅವಿಶ್ವಾಸ.”

“ಅಕ್ಕಾ… ಪ್ರಶ್ನೆ ಯಾರು ಕೇಳ್ತಾರೆ?”

“ನಾನು.”

ಬೇಗಿಮಾಯ್ ಪೆನ್ನು ಎತ್ತಿದವಳು ಹಾಗೇ ಅವಳ ಮುಖ ನೋಡಿದಳು. ಆ ಹುಡುಗಿಗೂ ಮದುವೆಯಾಗಿತ್ತು.

ಮಧ್ಯಾಹ್ನದೊಳಗೆ ನೋಟೀಸಿನ ಸುದ್ದಿ ಮನೆ ತಲುಪಿತ್ತು. ಬುರುಲ್ ಗಂಡ ಎಸೆನ್ ಮನೆಯ ಕಿರಿಯ ಮಗ. ಹಾಗಾಗಿ ಪದ್ಧತಿಯಂತೆ ತಾಯಿ ಇರುವುದು ಅವನ ಜೊತೆ. ಸೈಕಾಲ್ ಅಜ್ಜಿಗೆ ಎಂಬತ್ನಾಲ್ಕು. ಕಣ್ಣು ಮಂಜಾದರೂ ಕಿವಿ ಚುರುಕು. ಅವಳ ಮೂವರು ಹೆಣ್ಣುಮಕ್ಕಳೂ ಬೇರೆ ಬೇರೆ ಊರು ಸೇರಿ, ಮೂವತ್ತೊಂದು ವರ್ಷದಿಂದ ಅವಳ ಚಹಾ ಬುರುಲ್ ಕೈಯದ್ದೇ. ದಿನಕ್ಕೆ ಐದು ಸಲ, ಅರ್ಧ ಅರ್ಧ ಬಟ್ಟಲು, ಆರುವ ಮೊದಲೇ ಮತ್ತೆ ಅರ್ಧ. ಬಟ್ಟಲು ತುಂಬಾ ಸುರಿದರೆ ‘ಕುಡಿದು ಹೊರಡು’ ಅಂದ ಹಾಗೆ. ಅರ್ಧ ಸುರಿದರೆ ‘ಇನ್ನೂ ಇರು’ ಅಂತ. ಆ ಅರ್ಧದ ಲೆಕ್ಕ ಬುರುಲ್ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ ಕಣ್ಣು ಮುಚ್ಚಿ ಸುರಿಯುತ್ತಿದ್ದಳು.

“ಅವನ ಹೆಸರು ಹೇಳ್ತೀಯಂತೆ,” ಅಂದಳು ಅತ್ತೆ.

“ಹೇಳ್ಬೇಕಾಗುತ್ತೆ ಅತ್ತೆ.”

“ಅವರ ಹೆಸರೂ?”

ಅವರು ಅಂದರೆ ಮಾವ. ಹದಿನೇಳು ವರ್ಷದ ಹಿಂದೆ ತೀರಿಕೊಂಡವರು. ಸೈಕಾಲ್ ಅಜ್ಜಿ ಗಂಡ ಬದುಕಿದ್ದಾಗಲೂ ಆ ಹೆಸರು ಹೇಳಿದವಳಲ್ಲ, ಸತ್ತ ಮೇಲೂ ಹೇಳಿದವಳಲ್ಲ. ‘ಮಕ್ಕಳ ಅಪ್ಪ’ ಅಂತ ಕರೆದೇ ಬದುಕು ಸವೆಸಿದವಳು.

“ಹೌದು ಅತ್ತೆ. ಎರಡೂ.”

ಅಜ್ಜಿ ಬಟ್ಟಲನ್ನು ಬೋರಲು ಹಾಕಿದಳು. “ಹುಲ್ಲಿನ ವಿಷಯ ನನಗೂ ಗೊತ್ತು. ಹಿರಿಯವನು ಮಾಡಿದ್ದು ತಪ್ಪು. ಬೇಕಾದ್ರೆ ನಾನೇ ಅವನ ಕಿವಿ ಹಿಂಡ್ತೀನಿ. ಆದ್ರೆ ನೂರು ಜನರ ಮುಂದೆ ನೀನು ಆ ಹೆಸರು ಹೇಳಿದ್ರೆ, ಆ ದಿನದಿಂದ ನಿನ್ನ ಕೈಯ ಚಹಾ ನಾನು ಕುಡಿಯಲ್ಲ. ಹೇಳಿದೀನಿ.”

“ನೀವು ಕಿವಿ ಹಿಂಡಿದ್ರೆ ಅದು ತಾಯಿ ಮಗನ ಮಾತಾಗುತ್ತೆ ಅತ್ತೆ. ಇದು ಊರಿನ ಮಾತು. ಈ ಸಲ ನೀವು ಹಿಂಡ್ತೀರಿ, ಮುಂದಿನ ಸಲ ಯಾರು ಹಿಂಡ್ತಾರೆ?”

ಅತ್ತೆ ಬೋರಲು ಹಾಕಿದ ಬಟ್ಟಲನ್ನು ಇನ್ನಷ್ಟು ದೂರ ಸರಿಸಿದಳು. ಈ ಮುದುಕಿಯನ್ನು ಬುರುಲ್ ತನ್ನ ಹೆತ್ತ ತಾಯಿಗಿಂತ ಹೆಚ್ಚು ಕಾಲ ನೋಡಿಕೊಂಡಿದ್ದಳು. ಬೇರೆ ಯಾವ ಶಿಕ್ಷೆ ಹೇಳಿದ್ದರೂ ಇಷ್ಟು ನಾಟುತ್ತಿರಲಿಲ್ಲ. ಎಸೆನ್ ಬಾಗಿಲಿಂದ ತಲೆ ಹಾಕಿ, ಇಬ್ಬರ ಮುಖವನ್ನೂ ನೋಡಿ, “ಗುರುವಾರ ನಾನು ಟ್ರ್ಯಾಕ್ಟರ್ ಕೆಳಗೆ ಮಲಗಿರ್ತೀನಿ, ರಿಪೇರಿ ಇದೆ” ಅಂತ ಹೇಳಿ ಮಾಯವಾದ. ಅವನಿಂದ ಅದಕ್ಕಿಂತ ಹೆಚ್ಚು ಯಾರೂ ಬಯಸಿರಲಿಲ್ಲ.

ಸಂಜೆ ಹಾಲು ಕರೆಯುವಾಗ ಬುರುಲ್ ಅಭ್ಯಾಸ ಮಾಡಿ ನೋಡಿದಳು. ಕೊಟ್ಟಿಗೆಯಲ್ಲಿ ಹಸು ಬಿಟ್ಟರೆ ಯಾರೂ ಇರಲಿಲ್ಲ. “ಜು…” ಅಂದಳು. ಮುಂದೆ ಹೋಗಲಿಲ್ಲ. ಮತ್ತೆ “ಜು…” ಹಸು ಹಿಂತಿರುಗಿ ನೋಡಿತು. ಬುರುಲ್‌ಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಮಂಗಳವಾರ, ಬುಧವಾರವೂ ಅಷ್ಟೇ. ನಾಲಿಗೆಗೆ ಮೂವತ್ತೊಂದು ವರ್ಷ ಹಾಕಿದ ಕೀಲಿ ಮೂರು ದಿನದಲ್ಲಿ ತೆಗೆಯುವುದು ಅಷ್ಟು ಸುಲಭವೇ?

ಈ ನಡುವೆ ಆಚೆ ಗುಡ್ಡದ ಹಸಿರು ಕೆಳಗಿನಿಂದ ಮೇಲಕ್ಕೆ ಬೋಳಾಗುತ್ತಾ ಬರುತ್ತಿತ್ತು. ಆಸ್ಪತ್ರೆಯ ಕಿಟಕಿಯಿಂದ ಅದು ಚೆನ್ನಾಗಿ ಕಾಣುತ್ತಿತ್ತು. ಹೆದರಿಕೆಯಾದಾಗಲೆಲ್ಲ ಅವಳು ಕಿಟಕಿಗೆ ಹೋಗಿ ನಿಲ್ಲುತ್ತಿದ್ದಳು.

ಗುರುವಾರ ಊರ ಭವನ ಕಿಕ್ಕಿರಿದಿತ್ತು. ಹುಲ್ಲಿಗಾಗಿ ಬಂದವರು ಅರ್ಧ, ಸೊಸೆ ಬಾಯಲ್ಲಿ ಭಾವನ ಹೆಸರು ಕೇಳುವ ಚಪಲಕ್ಕೆ ಬಂದವರು ಅರ್ಧ. ಹದಿನೈದು ಸದಸ್ಯರು ಉದ್ದ ಮೇಜಿಗೆ ಕೂತಿದ್ದರು. ಅವಿಶ್ವಾಸಕ್ಕೆ ಹತ್ತು ಕೈ ಬೇಕು. ಎಂಟು ಗ್ಯಾರಂಟಿ ಅಂತ ಬುರುಲ್‌ಗೆ ಗೊತ್ತಿತ್ತು. ಉಳಿದವರು ಗಾಳಿ ಬಂದ ಕಡೆ ತೂರುವ ಜನ, ಯಾರಾದರೂ ಮೊದಲು ಬಾಯಿಬಿಡಲಿ ಅಂತ ಕಾಯುತ್ತಿದ್ದರು.

ಜುಮಾದಿಲ್ ಕೊನೆಗೆ ಬಂದ. ಒಬ್ಬನೇ ಬರಲಿಲ್ಲ, ತೋಳು ಹಿಡಿದು ತಾಯಿಯನ್ನೂ ಕರೆತಂದಿದ್ದ! ಮುಂದಿನ ಸಾಲಿನಲ್ಲಿ, ಅಧ್ಯಕ್ಷೆಯ ಕುರ್ಚಿಗೆ ನೇರ ಎದುರಾಗಿ ಸೈಕಾಲ್ ಅಜ್ಜಿಯನ್ನು ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ತಾನು ಪಕ್ಕದಲ್ಲಿ ಕಾಲು ಚಾಚಿ ಕೂತ. ಎಂಥಾ ಗಟ್ಟಿಗ ನೋಡಿ. ಸಾಕ್ಷಿಗೆ ತಾಯಿಯನ್ನೇ ತಂದ.

ಬುರುಲ್ ಎದ್ದು ನಿಂತಳು. ಭವನದಲ್ಲಿ ಕೆಮ್ಮೂ ನಿಂತಿತು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಅತ್ತೆಯ ಮುಖ ನೋಡಬಾರದು ಅಂದುಕೊಂಡಿದ್ದವಳು ಮೊದಲು ನೋಡಿದ್ದೇ ಅತ್ತೆಯ ಮುಖವನ್ನು. ಆಮೇಲೆ ಜೇಬಿಗೆ ಕೈಹಾಕಿ ಕೀಲಿಕೈಯನ್ನು ಬಿಗಿಯಾಗಿ ಹಿಡಿದಳು.

“ದೊಡ್ಡ…” ಅಂದುಬಿಟ್ಟಳು, ರೂಢಿಯಿಂದ.

ಯಾರೋ ಕಿಸಕ್ಕನೆ ನಕ್ಕರು. ಜುಮಾದಿಲ್ ಟೋಪಿಯನ್ನು ಮೊಣಕಾಲಿನ ಮೇಲಿಟ್ಟು, “ಕಲಮು ಹತ್ತೊಂಬತ್ತು, ಅಧ್ಯಕ್ಷರೇ” ಅಂದ, ಮೆಲ್ಲಗೆ, ಪ್ರೀತಿಯಿಂದಲೇ.

ಆ ಪ್ರೀತಿಯೇ ಅವಳ ಬಾಯಿ ಬಿಡಿಸಿತು.

“ಅಕ್‌ಓರುಕ್ ಆಡಳಿತದ ಮುಖ್ಯಸ್ಥರಾದ, ಸಾದಿರ್ ಅವರ ಮಗ ಜುಮಾದಿಲ್ ಅವರೇ!”

ಗಂಟೆ ಹೊಡೆದ ಹಾಗೆ ಹೊರಟಿತು ಮಾತು. ತನ್ನ ದನಿ ಇಷ್ಟು ದೊಡ್ಡದು ಅಂತ ಅವಳಿಗೇ ಗೊತ್ತಿರಲಿಲ್ಲ. ಹಿಂದಿನ ಸಾಲಿನ ಹೆಂಗಸರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡರು. ಸೈಕಾಲ್ ಅಜ್ಜಿ ತಲೆವಸ್ತ್ರದ ತುದಿಯನ್ನು ಮುಖದ ಮೇಲೆ ಎಳೆದುಕೊಂಡಳು. ಜುಮಾದಿಲ್ ಚಾಚಿದ್ದ ಕಾಲು ತಾನಾಗಿ ಒಳಗೆ ಬಂತು.

“ಕೆನೆಶ್‌ನ ಏಳನೇ ಠರಾವನ್ನ ನೀವು ನಡೆಸ್ತೀರೋ, ಇಲ್ವೋ?”

“ಅಲ್ಲಾ… ನಮ್ಮ ತಾಯಿ ಮುಂದೆ, ಹೀಗೆ…” ಜುಮಾದಿಲ್ ಎದ್ದ. ಮುಖ ಕಪ್ಪಿಟ್ಟಿತ್ತು. “ಸೇತುವೆ ಕೀಲಿಕೈ ನಿನ್ನ ಹತ್ರಾನೇ ಇದೆಯಲ್ಲಾ? ಊರಿಗೆಲ್ಲಾ ಗೊತ್ತು. ಹಾಕೋದಿದ್ರೆ ನೀನೇ ಹಾಕ್ಬಹುದಿತ್ತು. ಈ ನಾಟಕ ಯಾಕೆ?”

ಬುರುಲ್ ಕೀಲಿಕೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, ಅವನ ಕಡೆಗೆ ತಳ್ಳಿದಳು. ಮರದ ಮೇಲೆ ಅದು ಕರಕರ ಸದ್ದು ಮಾಡುತ್ತಾ ಹೋಯಿತು.

“ಇದು ನನ್ನದಲ್ಲ. ಮೂರು ದಿನ ನಿಮ್ಮದನ್ನ ಜೋಪಾನ ಮಾಡಿದೀನಿ. ಪ್ರಶ್ನೆಗೆ ಉತ್ತರ ಬರಲಿಲ್ಲ. ಎರಡನೇ ಸಲ ಕೇಳ್ತಾ ಇದೀನಿ.” ಉಸಿರು ಎಳೆದುಕೊಂಡಳು. ಎರಡನೇ ಸಲ ಹೇಳುವುದು ಮೊದಲನೇ ಸಲಕ್ಕಿಂತ ಕಷ್ಟವಾಯಿತು. ಮೊದಲನೆಯದು ಸಿಟ್ಟಿನಲ್ಲಿ ಬಂದಿತ್ತು, ಇದನ್ನು ತಣ್ಣನೆಯ ತಲೆಯಲ್ಲಿ ಹೇಳಬೇಕಿತ್ತು. “ಸಾದಿರ್ ಅವರ ಮಗ ಜುಮಾದಿಲ್ ಅವರೇ. ನಡೆಸ್ತೀರೋ, ಇಲ್ವೋ? ಒಂದು ಮಾತಲ್ಲಿ ಹೇಳಿ. ಇಲ್ಲ ಅಂದ್ರೆ ಈಗಲೇ ಕೈ ಎತ್ತಿಸ್ತೀನಿ.”

ಮೇಜಿನ ತುದಿಯಲ್ಲಿ ಕೂತಿದ್ದ ಗಾಳಿಗೆ ತೂರುವವರಲ್ಲಿ ಒಬ್ಬ ಆಗಲೇ ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದ, ಎತ್ತುವುದಕ್ಕೆ. ಅವನನ್ನು ನೋಡಿ ಪಕ್ಕದವನೂ. ಜುಮಾದಿಲ್ ಅದನ್ನೆಲ್ಲಾ ನೋಡಿದ. ತಾನೇ ತೋಡಿದ ಹಳ್ಳದ ಅಂಚಿನಲ್ಲಿ ನಿಂತಿದ್ದ. ಆ ಹೆಸರು ಅವಳ ಬಾಯಿಂದ ಬರುವುದಿಲ್ಲ ಅನ್ನುವುದೊಂದೇ ಅವನ ಬಂಡವಾಳ, ಅದು ಎರಡೆರಡು ಸಲ ಖರ್ಚಾಗಿ ಹೋಗಿತ್ತು. ತಾಯಿಯ ಕಡೆ ತಿರುಗಿದ. ತಾಯಿಯ ಮುಖ ವಸ್ತ್ರದೊಳಗಿತ್ತು.

“ನಡೆಸ್ತೀನಿ,” ಅಂದ.

“ಯಾವಾಗ?”

“ಇವತ್ತೇ.”

“ಬರ್ಕೋ ಬೇಗಿಮಾಯ್,” ಅಂದಳು ಬುರುಲ್, ಮತ್ತೆ ಕುರ್ಚಿಯಲ್ಲಿ ಕೂತಳು.

ಜುಮಾದಿಲ್ ಕೀಲಿಕೈ ಎತ್ತಿಕೊಂಡು ಸೀದಾ ಸೇತುವೆಗೆ ನಡೆದ. ಅರ್ಧ ಊರು ಹಿಂದೆ ಹೋಯಿತು. ಬುರುಲ್ ಹೋಗಲಿಲ್ಲ. ಬೇರೆಯವರ ಕೆಲಸವನ್ನು ನಿಂತು ನೋಡುವುದೂ ಒಂಥರಾ ಕೈ ಹಾಕಿದ ಹಾಗೆಯೇ ಅನ್ನಿಸಿತು ಅವಳಿಗೆ. ಅಲ್ಲಿ ನಡೆದದ್ದನ್ನು ಅಯಿಮ್‌ಕಾನ್ ಬಂದು ಹೇಳಿದಳು, ಒಂದಕ್ಕೆ ಎರಡು ಸೇರಿಸಿ. ಒಮುರ್ಜಾಕ್ ಕುದುರೆ ಮೇಲಿಂದ ಇಳಿಯದೆ, “ಬೀಗರೇ, ಹೆಂಗಸಿನ ಮಾತು ಕೇಳಿ ನನ್ನ ಕುರಿ ಹೊಡೀತೀರಾ?” ಅಂದನಂತೆ. ಜುಮಾದಿಲ್, “ಹೆಂಗಸಿನ ಮಾತಲ್ಲ, ಠರಾವು. ನಾನೇ ರುಜು ಹಾಕಿದೀನಿ” ಅಂದನಂತೆ. ಒಮುರ್ಜಾಕ್ ಇನ್ನು ಮೇಲೆ ನಿಮ್ಮ ಮನೆ ರೊಟ್ಟಿ ಮುರಿಯಲ್ಲ ಅಂತ ಉಗಿದು ಹೋದನಂತೆ. ಬಿಸಿಲು ಇಳಿಯುವ ಮೊದಲೇ ಆರುನೂರು ಕುರಿ ಈಚೆ ಬಂದು, ಸರಪಳಿ ಬಿಗಿದು, ಕೀಲಿ ಬಿತ್ತು.

“ಆಮೇಲೆ ಕೇಳು!” ಅಯಿಮ್‌ಕಾನ್ ದನಿ ತಗ್ಗಿಸಿದಳು. “ತನ್ನ ಅಟ್ಟದ ಒಣಹುಲ್ಲನ್ನೆಲ್ಲಾ ಗಾಡಿಗೆ ಹೇರಿ ಬೀಗರ ಮನೆಗೆ ಕಳಿಸಿದಾನೆ. ಇದನ್ನೂ ಸಭೇಲಿ ಕೇಳ್ಬೇಕು!”

“ಅದು ಅವರ ಮನೆ ಹುಲ್ಲು,” ಅಂದಳು ಬುರುಲ್. “ಕುರಿ ಸಾಯದ ಹಾಗೆ ಹೇಗೆ ನೋಡ್ಕೊಳ್ತಾರೋ ಅದು ಅವರಿಗೆ ಬಿಟ್ಟದ್ದು. ನಮಗೆ ಬೇಕಾಗಿದ್ದು ಗುಡ್ಡ.”

ಅಯಿಮ್‌ಕಾನ್ ಹೊರಡಲು ತಿರುಗಿ, “ಸೋಮವಾರ ಥೂ ಅಂದಿದ್ದು ನಾನೇ” ಅಂದಳು.

“ಗೊತ್ತು.”

ಬುರುಲ್ ಮನೆಗೆ ಬಂದಾಗ ಅಂಗಳದಲ್ಲಿ ಜುಮಾದಿಲ್‌ನ ಕುದುರೆ ಇತ್ತು. ಒಳಗೆ ಹಾಸಿನ ಮೇಲೆ ಅವನು, ಎದುರಿಗೆ ಅತ್ತೆ, ಬಾಗಿಲ ಬಳಿ ಗ್ರೀಸು ಮೆತ್ತಿಕೊಂಡ ಎಸೆನ್. ಬುರುಲ್ ಎಂದಿನಂತೆ ತಲೆವಸ್ತ್ರ ಸರಿಮಾಡಿ, ಬಾಗಿ, “ಬಂದ್ರಾ ದೊಡ್ಡ ಭಾವ” ಅಂದಳು.

ಜುಮಾದಿಲ್ ತಲೆಯೆತ್ತಿ ನೋಡಿದ. “ಅಲ್ಲಿ ಅಪ್ಪನ ಹೆಸರು ಸಮೇತ, ಇಲ್ಲಿ ದೊಡ್ಡ ಭಾವನಾ?”

“ಅಲ್ಲಿ ಅಧ್ಯಕ್ಷೆ. ಇಲ್ಲಿ ಸೊಸೆ.”

ಬುರುಲ್ ಕೆಟಲ್ ತಂದು ಕೂತು, ಅತ್ತೆಯ ಬಟ್ಟಲಿಗೆ ಕೈ ಚಾಚಿದಳು. ಸೈಕಾಲ್ ಅಜ್ಜಿ ಬಟ್ಟಲನ್ನು ಎಳೆದುಕೊಂಡಳು.

“ಹೇಳಿದ್ದೆ ತಾನೇ?”

“ಹೇಳಿದ್ರಿ ಅತ್ತೆ.”

“ಮಾತು ಅಂದ್ರೆ ಮಾತು. ಊರಿಗೆ ನಿಮ್ಮ ಠರಾವು, ಈ ಮನೆಗೆ ನನ್ನದು. ಮೇ ಹದಿನೈದರ ತನಕ ಇವಳ ಕೈಯ ಚಹಾ ನಾನು ಕುಡಿಯಲ್ಲ.” ಆಮೇಲೆ ಮಂಜುಗಣ್ಣನ್ನು ಹಿರಿಮಗನ ಕಡೆ ತಿರುಗಿಸಿದಳು. “ಹಾಗಂತ ನಾನು ಬಾಯಾರಿ ಸಾಯ್ಲಾ? ಮಾತು ಮಾಡಿದವಳು ನಾನು. ನಡೆಸೋನು ನೀನು. ಹೇಗೂ ಇವತ್ತು ನಡೆಸೋದು ಕಲ್ತಿದೀಯಲ್ಲಾ? ಕೆಟಲ್ ತಗೋ.”

“ನಾನಾ?” ಅಂದ ಜುಮಾದಿಲ್.

“ಇನ್ಯಾರು? ಅವಳನ್ನ ಆ ಕುರ್ಚಿ ಮೇಲೆ ಕೂರಿಸಿದ್ದು ಯಾರು? ನನ್ನನ್ನ ಕರ್ಕೊಂಡು ಹೋಗಿ ಎದುರಿಗೆ ಕೂರಿಸಿದ್ದು ಯಾರು? ದಿನಾ ಬೆಳಿಗ್ಗೆ ನೀನು ಬರ್ಬೇಕು, ಉಳಿದ ಹೊತ್ತಿಗೆ ನಿನ್ನ ತಮ್ಮ ಇದಾನೆ. ಸುರಿ!”

ಅರವತ್ತು ವರ್ಷದ ಗಂಡಸು, ಹುಟ್ಟಿದಾಗಿನಿಂದ ಒಂದು ಬಟ್ಟಲು ಚಹಾ ಸುರಿದವನಲ್ಲ, ಕೆಟಲ್ ಎತ್ತಿ ಬಗ್ಗಿಸಿದ. ಬಟ್ಟಲು ಅಂಚಿನ ತನಕ ತುಂಬಿ, ಚೆಲ್ಲಿ, ಮುದುಕಿಯ ಬೆರಳಿಗೆ ತಾಗಿತು.

“ಅಯ್ಯೋ ನಿನ್ನ! ತುಂಬಾ ಸುರೀತಾರೇನೋ? ತಾಯಿನ ಮನೆಯಿಂದ ಓಡಿಸೋ ಆತುರಾನಾ? ಅರ್ಧ ಕಣೋ, ಅರ್ಧ!”

ಎಸೆನ್ ನಗು ತಡೆಯಲಾರದೆ ಹೊರಗೆ ಓಡಿದ. ಬುರುಲ್ ನಗಲಿಲ್ಲ. ತನ್ನ ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಆ ಕೈಗೆ ಈಗ ಏನೂ ಕೆಲಸವಿರಲಿಲ್ಲ.

ಮಾತಿನಂತೆ ಜುಮಾದಿಲ್ ದಿನಾ ಬಂದ. ದಿನಾ ಬೈಸಿಕೊಂಡ. ವಾರದ ಹೊತ್ತಿಗೆ ಅರ್ಧ ಬಟ್ಟಲಿನ ಅಳತೆ ಸಿಕ್ಕಿತು. ಬುರುಲ್ ನೀರು ಕಾಯಿಸಿ, ಎಲೆ ಹಾಕಿ, ಕೆಟಲ್ ತಂದಿಟ್ಟು, ಕೈ ಕಟ್ಟಿಕೊಂಡು ಕೂರುತ್ತಿದ್ದಳು. ಅತ್ತೆ ಅವಳ ಜೊತೆ ಹಸುವಿನ ವಿಷಯ, ಮಳೆಯ ವಿಷಯ ಎಲ್ಲಾ ಮಾತಾಡುತ್ತಿದ್ದಳು. ಬಟ್ಟಲು ಮಾತ್ರ ಚಾಚಲಿಲ್ಲ. ಆಚೆ ಗುಡ್ಡದಲ್ಲಿ ಬೋಳಾಗಿದ್ದ ಕಡೆಯೂ, ಬೇರು ಉಳಿದಿದ್ದಲ್ಲಿ, ಮೆಲ್ಲಮೆಲ್ಲಗೆ ಹಸಿರು ಚಿಗುರತೊಡಗಿತು. ಮೇಲ್ಭಾಗದಲ್ಲಂತೂ ಹುಲ್ಲು ಮೊಣಕಾಲಿನ ಕೆಳಗಿನವರೆಗೆ ಬಂತು.

ಮೇ ಹದಿನೈದರ ಬೆಳಿಗ್ಗೆ ಜುಮಾದಿಲ್ ಸೇತುವೆಯ ಕೀಲಿ ತೆಗೆಯಲು ಹೋದ. ಚಹಾ ಸುರಿಯಲು ಬರಲಿಲ್ಲ. ಎಲ್ಲರಿಗಿಂತ ಮೊದಲು ದಾಟಿದ್ದು ಅಯಿಮ್‌ಕಾನಳ ಕೆಂಪು ಹಸುವಂತೆ, ಅವಳ ಕೂಗು ಮನೆಯವರೆಗೂ ಕೇಳಿಸಿತು. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಕೆಟಲ್ ನಡುವೆ ಇತ್ತು. ಬುರುಲ್ ಕೈ ಮುಂದೆ ತರಲಿಲ್ಲ, ಕಾದಳು.

ಸೈಕಾಲ್ ಅಜ್ಜಿ ಖಾಲಿ ಬಟ್ಟಲನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿದಳು: “ಆ ದಿನ… ಅವರ ಹೆಸರು ಹೇಳಿದ್ಯಲ್ಲಾ. ನಿನ್ನ ಬಾಯಿ ಸುಡಲಿಲ್ವಾ?”

“ಸುಟ್ಟಿತು ಅತ್ತೆ. ಇನ್ನೂ ಸುಡ್ತಾ ಇದೆ.”

“ಮುಂದೆ ಹೀಗೇ ಬಂದ್ರೆ?”

ಬುರುಲ್ ತಲೆಯೆತ್ತಿದಳು. “ಮತ್ತೆ ಹೇಳ್ತೀನಿ.”

“ಹೂಂ,” ಅಂದಳು ಮುದುಕಿ. “ಸುಟ್ಟಿಲ್ಲ ಅಂದಿದ್ರೆ ಇದನ್ನ ನಾನು ಚಾಚ್ತಾ ಇರಲಿಲ್ಲ.” ಬಟ್ಟಲನ್ನು ಮುಂದೆ ಹಿಡಿದಳು.

ಬುರುಲ್ ಅರ್ಧ ಸುರಿದಳು.